ಶಿಲೀಂಧ್ರನಿರೋಧಕ ಔಷಧಗಳ ಸಂವೇದನಾ ಪರೀಕ್ಷೆಗೆ ದ್ರಾವಕದ ಆಯ್ಕೆ: ಪುಡಿಯಿಂದ ಪ್ಲೇಟಿನವರೆಗೆ

ಶಿಲೀಂಧ್ರನಿರೋಧಕ ಔಷಧದ ಕನಿಷ್ಠ ಪ್ರತಿಬಂಧಕ ಸಾಂದ್ರತೆಯನ್ನು, ಅಂದರೆ ಎಂಐಸಿಯನ್ನು, ಅಳೆಯಲು ಕೂತಾಗ ಪ್ಲೇಟಿನ ವೆಲ್‌ನಲ್ಲಿ, ಅಂದರೆ ಪುಟ್ಟ ಗುಳಿಯಲ್ಲಿ, ಔಷಧ, ಶಿಲೀಂಧ್ರ ಮತ್ತು ಪೋಷಕ ಮಾಧ್ಯಮ ಇವು ಮೂರೇ ಇವೆ ಎಂದು ಭಾವಿಸುವುದು ವಾಡಿಕೆ. ಆದರೆ ಔಷಧವನ್ನು ಅಲ್ಲಿಗೆ ಹೊತ್ತು ತಂದ ದ್ರಾವಕವೂ ಅದೇ ವೆಲ್‌ನಲ್ಲಿ ಉಳಿದಿರುತ್ತದೆ. ಅದು ಶಿಲೀಂಧ್ರದ ಬೆಳವಣಿಗೆಯನ್ನು ತಾನೇ ಕುಗ್ಗಿಸಬಹುದು, ಔಷಧವನ್ನು ಅರ್ಧ ದಾರಿಯಲ್ಲೇ ಕೈಬಿಟ್ಟು ಹರಳಾಗಿ ಕೂರುವಂತೆ ಮಾಡಬಹುದು, ಅಥವಾ ಶೇಖರಣೆಯ ಅವಧಿಯಲ್ಲಿ ಔಷಧದ ಸತ್ತ್ವ ಇಳಿಯಲು ಕಾರಣವಾಗಬಹುದು. ಈ ಮೂರರಲ್ಲಿ ಯಾವುದು ನಡೆದರೂ ಫಲಿತಾಂಶದ ಸಂಖ್ಯೆ ನೋಡುವುದಕ್ಕೆ ಸರಿಯಾಗಿಯೇ ಕಾಣುತ್ತದೆ, ಆದ್ದರಿಂದ ತಪ್ಪು ಪತ್ತೆಯಾಗುವುದು ಕಷ್ಟ.

ದ್ರಾವಕದ ಆಯ್ಕೆಯನ್ನು ಹೆಚ್ಚಿನವರು ಬಾಟಲಿಯಲ್ಲಿರುವ ಪುಡಿಯಿಂದ ಆರಂಭಿಸುತ್ತಾರೆ: ಇದು ಯಾವುದರಲ್ಲಿ ಕರಗುತ್ತದೆ ಎಂಬುದು ಅವರ ಮೊದಲ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಪ್ರಶ್ನೆ ಕೊನೆಯಿಂದ ಶುರುವಾಗಬೇಕು. ವೆಲ್‌ನಲ್ಲಿ ಔಷಧದ ಅತಿ ಹೆಚ್ಚಿನ ಸಾಂದ್ರತೆ ಎಷ್ಟಿರಬೇಕು, ಅಲ್ಲಿ ದ್ರಾವಕ ಶೇಕಡಾ ಎಷ್ಟನ್ನು ಮೀರಬಾರದು ಎಂಬ ಎರಡು ಸಂಗತಿ ಮೊದಲು ತೀರ್ಮಾನವಾದರೆ ಸ್ಟಾಕ್ ದ್ರಾವಣ, ಅಂದರೆ ಮುಂದೆ ದುರ್ಬಲಗೊಳಿಸಲೆಂದು ಮಾಡಿಟ್ಟ ಮೂಲ ದ್ರಾವಣ, ಎಷ್ಟು ಗಾಢವಾಗಿರಬೇಕು ಎಂಬುದು ತಾನಾಗಿ ಹೊರಡುತ್ತದೆ, ಮತ್ತು ಆ ಗಾಢತೆಯಲ್ಲಿ ಔಷಧವನ್ನು ಕರಗಿಸಬಲ್ಲ ದ್ರಾವಕಗಳ ಪಟ್ಟಿ ಬಹಳ ಚಿಕ್ಕದಾಗಿರುತ್ತದೆ.

ಹಂತ 1: ಯಾವ ಮಾನದಂಡ ಎಂಬುದನ್ನು ನಿಶ್ಚಯಿಸಿಕೊಳ್ಳಿ

ಬ್ರಾತ್ ಮೈಕ್ರೋಡೈಲ್ಯೂಷನ್‌ಗೆ, ಅಂದರೆ ವೆಲ್‌ಗಳ ದ್ರವ ಮಾಧ್ಯಮದಲ್ಲಿ ಔಷಧದ ಬೇರೆ ಬೇರೆ ಸಾಂದ್ರತೆಗಳನ್ನಿಟ್ಟು ಎಂಐಸಿ ಅಳೆಯುವ ವಿಧಾನಕ್ಕೆ, ಎರಡು ಮಾನದಂಡಗಳು ವ್ಯಾಪಕವಾಗಿ ಬಳಕೆಯಲ್ಲಿವೆ. ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಎಂ27 ದಾಖಲೆ ಯೀಸ್ಟ್‌ಗಳಿಗೆ, ಎಂ38 ದಾಖಲೆ ತಂತುರೂಪದ ಶಿಲೀಂಧ್ರಗಳಿಗೆ ಅನ್ವಯಿಸುತ್ತದೆ. ಯುರೋಪಿನ ಯುಕಾಸ್ಟ್ ಸಮಿತಿಯ ಇ.ಡೆಫ್ 7 ಯೀಸ್ಟ್‌ಗಳಿಗೆ, ಇ.ಡೆಫ್ 9 ಮೋಲ್ಡ್‌ಗಳಿಗೆ, ಅಂದರೆ ತಂತುರೂಪದವಕ್ಕೆ, ಇದೆ. ಎರಡೂ ಆರ್‌ಪಿಎಂಐ 1640 ಮಾಧ್ಯಮವನ್ನು ಮಾಪ್ಸ್ ಬಫರ್‌ನಿಂದ ಪಿಎಚ್ 7.0ಕ್ಕೆ ಹೊಂದಿಸಿ ಬಳಸುತ್ತವೆ, ಆದರೆ ಸಿಎಲ್‌ಎಸ್‌ಐ ವಿಧಾನದಲ್ಲಿ ಗ್ಲೂಕೋಸ್ ಶೇ. 0.2 ಇದ್ದರೆ ಯುಕಾಸ್ಟ್ ವಿಧಾನದಲ್ಲಿ ಶೇ. 2 ಇರುತ್ತದೆ.

ದ್ರಾವಕದ ಲೆಕ್ಕದಲ್ಲೂ ಇವೆರಡು ಬೇರೆ ಬೇರೆ ದಾರಿ ಹಿಡಿಯುತ್ತವೆ. ನೀರಿನಲ್ಲಿ ಕರಗದ ಔಷಧವನ್ನು ಸಿಎಲ್‌ಎಸ್‌ಐ ವಿಧಾನದಲ್ಲಿ ಅಂತಿಮ ಸಾಂದ್ರತೆಯ 100 ಪಟ್ಟು ಗಾಢವಾಗಿ ತಯಾರಿಸಲಾಗುತ್ತದೆ. ಮಾಧ್ಯಮದಲ್ಲಿ 1:50 ದುರ್ಬಲಗೊಳಿಸಿ, ನಂತರ ಸಮಪ್ರಮಾಣದ ಇನಾಕ್ಯುಲಮ್ (ಶಿಲೀಂಧ್ರದ ಕೋಶಗಳಿರುವ ದ್ರವ) ಸೇರಿಸಿದಾಗ ವೆಲ್‌ನಲ್ಲಿ ಉಳಿಯುವ ದ್ರಾವಕ ಶೇ. 1. ಯುಕಾಸ್ಟ್ ವಿಧಾನದಲ್ಲಿ ಸ್ಟಾಕ್ 200 ಪಟ್ಟು ಗಾಢವಾಗಿದ್ದು, ದ್ವಿಗುಣ ಸಾಮರ್ಥ್ಯದ ಮಾಧ್ಯಮದಲ್ಲಿ 1:100 ದುರ್ಬಲಗೊಳ್ಳುವುದರಿಂದ ಅಂತಿಮವಾಗಿ ಶೇ. 0.5 ಉಳಿಯುತ್ತದೆ. ಒಂದು ಮಾನದಂಡದ ದ್ರಾವಕ ಮತ್ತು ದುರ್ಬಲಗೊಳಿಸುವ ಕ್ರಮವನ್ನು ಬಳಸಿ, ಇನ್ನೊಂದರ ಬ್ರೇಕ್‌ಪಾಯಿಂಟ್‌ಗೆ (ಶಿಲೀಂಧ್ರ ಔಷಧಕ್ಕೆ ಬಗ್ಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಎಂಐಸಿ ಗಡಿಗೆ) ಹೋಲಿಸಿ ವರದಿ ಬರೆಯುವುದು ಸಲ್ಲದು. ದ್ರಾವಕವೂ ವಿಧಾನದ ಒಂದು ಭಾಗ. ಬ್ರೇಕ್‌ಪಾಯಿಂಟ್ ನಿಗದಿಯಾದದ್ದು ಆ ಭಾಗವನ್ನೂ ಒಳಗೊಂಡ ವಿಧಾನಕ್ಕೆ.

ಹಂತ 2: ಔಷಧಕ್ಕೆ ತಕ್ಕ ದ್ರಾವಕ

ಸಿಎಲ್‌ಎಸ್‌ಐ ಪಟ್ಟಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಸುಲಭ, ಏಕೆಂದರೆ ಅದರಲ್ಲಿ ಇರುವುದು ಎರಡೇ ಗುಂಪು. ಫ್ಲುಕೊನಜೋಲ್, ಫ್ಲುಸೈಟೋಸಿನ್, ಕ್ಯಾಸ್ಪೊಫಂಜಿನ್ ಮತ್ತು ಮೈಕಾಫಂಜಿನ್ ನೀರಿನ ಗುಂಪಿಗೆ ಸೇರುತ್ತವೆ. ಆಂಫೊಟೆರಿಸಿನ್ ಬಿ, ಇಟ್ರಾಕೊನಜೋಲ್, ವೊರಿಕೊನಜೋಲ್, ಪೊಸಾಕೊನಜೋಲ್, ಕೀಟೊಕೊನಜೋಲ್, ಆನಿಡುಲಾಫಂಜಿನ್, ಟರ್ಬಿನಾಫಿನ್, ಗ್ರೈಸಿಯೊಫಲ್ವಿನ್, ಸೈಕ್ಲೊಪಿರಾಕ್ಸ್ ಇವೆಲ್ಲ ಡೈಮೀಥೈಲ್ ಸಲ್ಫಾಕ್ಸೈಡ್‌ನ, ಅಂದರೆ ಡಿಎಂಎಸ್‌ಒ ಗುಂಪಿಗೆ ಸೇರುತ್ತವೆ. ಯುಕಾಸ್ಟ್ ಫ್ಲುಕೊನಜೋಲ್‌ಗೂ, ಕ್ಯಾಸ್ಪೊಫಂಜಿನ್, ಮೈಕಾಫಂಜಿನ್, ಆನಿಡುಲಾಫಂಜಿನ್ ಸೇರಿದ ಎಕಿನೊಕ್ಯಾಂಡಿನ್‌ಗಳಿಗೂ ಡಿಎಂಎಸ್‌ಒ ಬಳಸುತ್ತದೆ.

ಈ ವಿಂಗಡಣೆಯ ಹಿಂದಿರುವ ಕಾರಣವನ್ನು ತಿಳಿದುಕೊಂಡರೆ ಹೊಸ ಔಷಧ ಎದುರಾದಾಗ ಪಟ್ಟಿಗಾಗಿ ಕಾಯಬೇಕಾಗುವುದಿಲ್ಲ. ಫ್ಲುಕೊನಜೋಲ್ ಚಿಕ್ಕ ಅಣು, ಅದರಲ್ಲಿ ಎರಡು ಟ್ರಯಜೋಲ್ ಉಂಗುರಗಳ ಜೊತೆಗೆ ಒಂದು ಹೈಡ್ರಾಕ್ಸಿಲ್ ಗುಂಪೂ ಇರುವುದರಿಂದ ನೀರು ಅದನ್ನು ಸ್ವಲ್ಪಮಟ್ಟಿಗೆ ಒಪ್ಪಿಕೊಳ್ಳುತ್ತದೆ. ಇಟ್ರಾಕೊನಜೋಲ್ ಮತ್ತು ಪೊಸಾಕೊನಜೋಲ್‌ಗಳಲ್ಲಿ ಅದೇ ಟ್ರಯಜೋಲ್ ಇದ್ದರೂ ಅದರ ಹಿಂದೆ ಉದ್ದನೆಯ ಕೊಬ್ಬುಪ್ರಿಯ ಬಾಲವಿದೆ, ಹಾಗಾಗಿ ತಟಸ್ಥ ಪಿಎಚ್‌ನ ನೀರಿನಲ್ಲಿ ಅವು ಕರಗುವುದೇ ಇಲ್ಲವೆನ್ನಬಹುದು. ಆಂಫೊಟೆರಿಸಿನ್ ಬಿ ಅಣುವಿನಲ್ಲಿ ಆಮ್ಲೀಯ ಕಾರ್ಬಾಕ್ಸಿಲ್ ಮತ್ತು ಕ್ಷಾರೀಯ ಅಮೈನ್ ಎರಡೂ ಇವೆ. ತಟಸ್ಥ ಪಿಎಚ್‌ನಲ್ಲಿ ಎರಡೂ ಪರಸ್ಪರ ಸರಿದೂಗಿಸಿಕೊಳ್ಳುವುದರಿಂದ ನೀರಿನಲ್ಲಿ ಅದು ಗುಂಪುಗಟ್ಟುತ್ತದೆ. ಆನಿಡುಲಾಫಂಜಿನ್ ತನ್ನ ಸೋದರ ಔಷಧಗಳಾದ ಕ್ಯಾಸ್ಪೊಫಂಜಿನ್ ಮತ್ತು ಮೈಕಾಫಂಜಿನ್‌ಗಳಂತೆ ಲವಣರೂಪದಲ್ಲಿ ಬರುವುದಿಲ್ಲ, ಆದ್ದರಿಂದ ಅದು ನೀರಿನ ಗುಂಪಿನಿಂದ ಹೊರಗೆ ಉಳಿಯುತ್ತದೆ.

ಫ್ಲುಕೊನಜೋಲ್ ನೀರಿನಲ್ಲಿ ಕರಗುತ್ತದೆ ಎಂದಮಾತ್ರಕ್ಕೆ ಎಷ್ಟು ಬೇಕಾದರೂ ಕರಗುತ್ತದೆ ಎಂದಲ್ಲ. ಕೋಣೆಯ ತಾಪಮಾನದಲ್ಲಿ ಪ್ರತಿ ಮಿ.ಲೀ.ಗೆ ಸುಮಾರು 5 ಮಿ.ಗ್ರಾಂ ಆಸುಪಾಸಿನಲ್ಲೇ ಅದರ ಮಿತಿ ಬಂದುಬಿಡುತ್ತದೆ. ಪ್ರತಿ ಮಿ.ಲೀ.ಗೆ 5120 ಮೈಕ್ರೋಗ್ರಾಂ ಸ್ಟಾಕ್ ಮಾಡುವವರು ಹಗುರವಾಗಿ ಬೆಚ್ಚಗೆ ಮಾಡಿ, ತಣಿದ ಮೇಲೆ ತಳದಲ್ಲಿ ಸೂಜಿಯಂಥ ಹರಳುಗಳು ಮರಳಿ ಬಂದಿವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ನೀರಿನಲ್ಲಿ ಕರಗುವ ಔಷಧಕ್ಕೆ 100 ಪಟ್ಟು ಗಾಢತೆಯ ಅಗತ್ಯವೇ ಇಲ್ಲ, ನೀರು ಶಿಲೀಂಧ್ರಕ್ಕೆ ಹಾನಿ ಮಾಡುವುದಿಲ್ಲವಾದ್ದರಿಂದ 10 ಪಟ್ಟು ಸಾಕು. ವೆಲ್‌ನಲ್ಲಿ ಪ್ರತಿ ಮಿ.ಲೀ.ಗೆ 64 ಮೈಕ್ರೋಗ್ರಾಂ ಬೇಕಿದ್ದರೆ 640ರ ದ್ರಾವಣ ಮಾಡಿ ಮಾಧ್ಯಮದಲ್ಲಿ 1:5 ದುರ್ಬಲಗೊಳಿಸಿದರೆ 128 ಸಿಗುತ್ತದೆ, ಇನಾಕ್ಯುಲಮ್ ಸೇರಿದಾಗ ಅದು ಅರ್ಧವಾಗುತ್ತದೆ.

ಎಥನಾಲ್, ಮೆಥನಾಲ್, ಅಸಿಟೋನ್, ಡೈಮೀಥೈಲ್ ಫಾರ್ಮಮೈಡ್ ಮುಂತಾದವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೊದಲ ಮೂರು ಆವಿಯಾಗುತ್ತವೆ. ಬಾಟಲಿ ತೆರೆದು ಮುಚ್ಚುವಷ್ಟರಲ್ಲೇ ಸ್ಟಾಕ್ ನಿಧಾನವಾಗಿ ಗಾಢವಾಗುತ್ತ ಹೋಗುತ್ತದೆ. ಫಾರ್ಮಮೈಡ್ ಬಗೆಯ ದ್ರಾವಕ ಕೆಲಸ ಮಾಡುವವರ ಯಕೃತ್ತಿಗೂ ಸಂತಾನಶಕ್ತಿಗೂ ಹಾನಿಕರ. ಡಿಎಂಎಸ್‌ಒದಲ್ಲಿ ಕರಗುವ ಔಷಧಕ್ಕೆ ಇವುಗಳ ಮೊರೆ ಹೋಗುವುದಕ್ಕೆ ಯಾವ ಕಾರಣವೂ ಇಲ್ಲ.

ಹಂತ 3: ಸರಿಯಾದ ಪುಡಿ, ಸರಿಯಾದ ತೂಕ

ದ್ರಾವಕ ಎಷ್ಟೇ ಸರಿಯಿದ್ದರೂ ಪುಡಿ ತಪ್ಪಿದರೆ ಪ್ರಯೋಜನವಿಲ್ಲ. ರೋಗಿಗೆ ಕೊಡುವ ಮಾತ್ರೆ, ಕ್ಯಾಪ್ಸೂಲ್ ಅಥವಾ ಇಂಜೆಕ್ಷನ್ ವಯಲ್‌ನಿಂದ ಸ್ಟಾಕ್ ಮಾಡಬಾರದು. ಆಂಫೊಟೆರಿಸಿನ್ ಬಿ ಇಂಜೆಕ್ಷನ್‌ನಲ್ಲಿ ಡಿಆಕ್ಸಿಕೋಲೇಟ್ ಅಥವಾ ಲಿಪಿಡ್, ವೊರಿಕೊನಜೋಲ್ ಇಂಜೆಕ್ಷನ್‌ನಲ್ಲಿ ಸೈಕ್ಲೊಡೆಕ್ಸ್‌ಟ್ರಿನ್ ಇರುತ್ತದೆ. ಅವು ಔಷಧ ಕರಗುವ ಬಗೆಯನ್ನೂ ಶಿಲೀಂಧ್ರವನ್ನು ತಲುಪುವ ಬಗೆಯನ್ನೂ ಬದಲಿಸುತ್ತವೆ. ದೇಹದೊಳಗೆ ಮಾತ್ರ ಸಕ್ರಿಯಗೊಳ್ಳುವ ಪೂರ್ವರೂಪದ ಔಷಧಗಳ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು: ಪರೀಕ್ಷೆಗೆ ಬೇಕಾದದ್ದು ಐಸಾವುಕೊನಜೋಲ್, ಐಸಾವುಕೊನಜೋನಿಯಂ ಸಲ್ಫೇಟ್ ಅಲ್ಲ, ಮ್ಯಾನೊಜೆಪಿಕ್ಸ್, ಫಾಸ್‌ಮ್ಯಾನೊಜೆಪಿಕ್ಸ್ ಅಲ್ಲ. ಪೂರ್ವರೂಪಗಳು ನೀರಿನಲ್ಲಿ ಚೆನ್ನಾಗಿ ಕರಗುತ್ತವೆ ಎಂಬ ಆಕರ್ಷಣೆ ಇದ್ದೇ ಇದೆ, ಆ ಆಕರ್ಷಣೆಯೇ ಇಲ್ಲಿ ಹಳ್ಳಕ್ಕೆ ಬೀಳಿಸುವುದು.

ಪ್ರಮಾಣಿತ ಪುಡಿಯ ಜೊತೆ ಬರುವ ವಿಶ್ಲೇಷಣಾ ಪ್ರಮಾಣಪತ್ರದಲ್ಲಿ ಶುದ್ಧತೆ, ತೇವಾಂಶ ಮತ್ತು ಲವಣದ ಪಾಲು ಬೇರೆ ಬೇರೆಯಾಗಿ ಇದ್ದರೆ ಶುದ್ಧತೆ, ಲವಣದೊಳಗಿನ ಔಷಧದ ಪಾಲು ಮತ್ತು ತೇವಾಂಶ ಕಳೆದು ಉಳಿಯುವ ಪಾಲು ಈ ಮೂರನ್ನೂ ಗುಣಿಸಿ ನಿಜವಾದ ಸಾಮರ್ಥ್ಯವನ್ನು ಕಂಡುಕೊಳ್ಳಬೇಕು. ಕ್ಯಾಸ್ಪೊಫಂಜಿನ್ ಅಸಿಟೇಟ್ ಅನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಲವಣದ ಅಣುತೂಕ ಸುಮಾರು 1213, ಅದರೊಳಗಿನ ಕ್ಯಾಸ್ಪೊಫಂಜಿನ್‌ನ ಅಣುತೂಕ ಸುಮಾರು 1093, ಹಾಗಾಗಿ ಸಕ್ರಿಯ ಪಾಲು 0.901. ಪುಡಿಯ ಶುದ್ಧತೆ ಶೇ. 97, ತೇವಾಂಶ ಶೇ. 5 ಎಂದಿದ್ದರೆ 0.97, 0.901 ಮತ್ತು 0.95ರ ಗುಣಲಬ್ಧ 0.830, ಅಂದರೆ ಪ್ರತಿ ಮಿ.ಗ್ರಾಂ ಪುಡಿಯಲ್ಲಿ ಇರುವ ಔಷಧ 830 ಮೈಕ್ರೋಗ್ರಾಂ ಮಾತ್ರ. ಈ ತಿದ್ದುಪಡಿ ಮಾಡದೆ ತೂಗಿದರೆ ಆರರಲ್ಲಿ ಒಂದು ಪಾಲು ಔಷಧ ಮೊದಲೇ ಕಡಿಮೆಯಾಗಿರುತ್ತದೆ.

ತೂಕದ ವಿಷಯದಲ್ಲಿ ಒಂದು ಸರಳ ಕ್ರಮವಿದೆ. ಗುರಿಯಿಟ್ಟ ತೂಕವನ್ನೇ ಹಿಡಿಯಲು ಪುಡಿಯನ್ನು ಹಾಕಿ ತೆಗೆದು ಒದ್ದಾಡುವ ಬದಲು, ಹತ್ತಿರದ ತೂಕಕ್ಕೆ ನಿಲ್ಲಿಸಿ ದ್ರಾವಕದ ಪರಿಮಾಣವನ್ನು ಅದಕ್ಕೆ ಹೊಂದಿಸಬೇಕು. ಮಿ.ಗ್ರಾಂನಲ್ಲಿರುವ ತೂಕವನ್ನು ಪ್ರತಿ ಮಿ.ಗ್ರಾಂಗೆ ಮೈಕ್ರೋಗ್ರಾಂ ಲೆಕ್ಕದ ಸಾಮರ್ಥ್ಯದಿಂದ ಗುಣಿಸಿ, ಬೇಕಾದ ಸಾಂದ್ರತೆಯಿಂದ ಭಾಗಿಸಿದರೆ ಮಿ.ಲೀ. ಸಿಗುತ್ತದೆ. ಇಟ್ರಾಕೊನಜೋಲ್ ಸಾಮರ್ಥ್ಯ 980 ಇದ್ದು, ತಕ್ಕಡಿ 10.2 ಮಿ.ಗ್ರಾಂ ತೋರಿಸಿದರೆ, 1600 ಮೈಕ್ರೋಗ್ರಾಂ ಸ್ಟಾಕ್‌ಗೆ 10.2 ಗುಣಿಸು 980 ಭಾಗಿಸು 1600, ಅಂದರೆ 6.25 ಮಿ.ಲೀ. ಡಿಎಂಎಸ್‌ಒ ಬೇಕು. ಪುಡಿಯ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ತೆರೆಯದೆ, ಕೋಣೆಯ ತಾಪಮಾನಕ್ಕೆ ಬರುವವರೆಗೆ ಕಾಯಬೇಕು, ಇಲ್ಲವಾದರೆ ಗಾಳಿಯ ತೇವ ಪುಡಿಯ ಮೇಲೆ ಕೂತು ಪ್ರಮಾಣಪತ್ರದ ತೇವಾಂಶದ ಅಂಕಿಯನ್ನೇ ಸುಳ್ಳು ಮಾಡುತ್ತದೆ.

ಹಂತ 4: ಡಿಎಂಎಸ್‌ಒ ಜೊತೆ ಕೆಲಸ ಮಾಡುವಾಗ

ಡಿಎಂಎಸ್‌ಒ 18.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಬಾಟಲಿಯ ತಳದಲ್ಲಿ ಹರಳು ಕಂಡರೆ ಅದು ಔಷಧ ಬಿಟ್ಟುಹೋದದ್ದೋ ದ್ರಾವಕವೇ ಗಟ್ಟಿಯಾದದ್ದೋ ಎಂಬುದನ್ನು ಮೊದಲು ತಿಳಿಯಬೇಕು: ಅಂಗೈ ಶಾಖಕ್ಕೆ ಕರಗಿದರೆ ಬಹುಮಟ್ಟಿಗೆ ದ್ರಾವಕವೇ. ಇದು ಗಾಳಿಯಿಂದ ನೀರನ್ನು ಹೀರಿಕೊಳ್ಳುವ ದ್ರವವಾದ್ದರಿಂದ ದೊಡ್ಡ ಬಾಟಲಿಯನ್ನು ತಿಂಗಳುಗಟ್ಟಲೆ ತೆರೆದು ಮುಚ್ಚುವುದಕ್ಕಿಂತ ಸಣ್ಣ ಬಾಟಲಿಗಳನ್ನು ಕೊಳ್ಳುವುದು ಲೇಸು. ನೀರು ಸೇರಿದ ಡಿಎಂಎಸ್‌ಒದಲ್ಲಿ ಇಟ್ರಾಕೊನಜೋಲ್‌ನಂಥ ಔಷಧ ಮೊದಲಿನಷ್ಟು ಕರಗುವುದಿಲ್ಲ.

ಈ ದ್ರವ ನೀರಿಗಿಂತ ಸ್ನಿಗ್ಧ. ಪೈಪೆಟ್ಟಿನ ತುದಿಯ ಒಳಗೋಡೆಗೆ ಅಂಟಿಕೊಂಡು ಉಳಿಯುವುದರಿಂದ ನಿಧಾನವಾಗಿ ಎಳೆದು, ಒಂದೆರಡು ಕ್ಷಣ ತಡೆದು, ನಿಧಾನವಾಗಿಯೇ ಬಿಡಬೇಕು. ಪ್ರತಿ ಸಾಂದ್ರತೆಗೂ ಹೊಸ ತುದಿ ಹಾಕಬೇಕು. ಗಾಜಿನ ಅಥವಾ ಪಾಲಿಪ್ರೊಪಿಲೀನ್ ಟ್ಯೂಬ್ ಬಳಸಿ. ಶುದ್ಧ ಡಿಎಂಎಸ್‌ಒದಲ್ಲಿ ಮಾಡಿದ ಸ್ಟಾಕ್‌ನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲವಾದ್ದರಿಂದ ಅದನ್ನು ಸೋಸುವ ಅಗತ್ಯವಿಲ್ಲ. ಸೋಸುವುದರಿಂದ ಹಾನಿಯೇ ಹೆಚ್ಚು: ಸೆಲ್ಯುಲೋಸ್ ಅಸಿಟೇಟ್, ಸೆಲ್ಯುಲೋಸ್ ನೈಟ್ರೇಟ್ ಪೊರೆಗಳು ಇದರಲ್ಲಿ ಕರಗಿಹೋಗುತ್ತವೆ, ಇತರ ಸೋಸುಕಗಳು ಔಷಧವನ್ನೇ ಹೀರಿಟ್ಟುಕೊಳ್ಳಬಹುದು. ಚರ್ಮವನ್ನು ಸುಲಭವಾಗಿ ದಾಟುವ ಈ ದ್ರಾವಕ ತನ್ನಲ್ಲಿ ಕರಗಿದ ಔಷಧವನ್ನೂ ಒಳಗೆ ಒಯ್ಯುತ್ತದೆ, ಆದ್ದರಿಂದ ಕೈಗವಸಿನ ಮೇಲೆ ಚೆಲ್ಲಿದರೆ ಒರೆಸಿಕೊಳ್ಳದೆ ಕೂಡಲೇ ಗವಸು ಬದಲಿಸಬೇಕು.

ಪುಡಿ ಕರಗಿದೆ ಎಂದು ಒಪ್ಪಿಕೊಳ್ಳುವ ಮುನ್ನ ದ್ರಾವಣವನ್ನು ಚೆನ್ನಾಗಿ ಅಲುಗಿಸಿ, ಅರ್ಧ ಗಂಟೆ ನಿಲ್ಲಿಸಿ, ಕಪ್ಪು ಹಿನ್ನೆಲೆಯ ಎದುರು ನೋಡಿ. ಇಟ್ರಾಕೊನಜೋಲ್ ಹಟ ಮಾಡಿದರೆ ನೀರಿನ ತೊಟ್ಟಿಯಲ್ಲಿ ಹಗುರವಾಗಿ ಬೆಚ್ಚಗೆ ಮಾಡಬಹುದು. ಆಂಫೊಟೆರಿಸಿನ್ ಬಿ ಇರುವ ಟ್ಯೂಬ್‌ಗೆ ಅಲ್ಯೂಮಿನಿಯಂ ಹಾಳೆ ಸುತ್ತುವುದು ಕಡ್ಡಾಯ, ಬೆಳಕಿಗೆ ಅದು ಹಾಳಾಗುತ್ತದೆ.

ಹಂತ 5: ದುರ್ಬಲಗೊಳಿಸುವ ಸರಣಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪುಗಳು ನಡೆಯುವುದು ಇಲ್ಲಿಯೇ. ಡಿಎಂಎಸ್‌ಒ ಸ್ಟಾಕ್ ಅನ್ನು ಮೊದಲ ವೆಲ್‌ನ ಮಾಧ್ಯಮಕ್ಕೆ ಸೇರಿಸಿ, ಅಲ್ಲಿಂದ ಮುಂದಕ್ಕೆ ಮಾಧ್ಯಮದಲ್ಲೇ ಅರ್ಧ, ಅರ್ಧ ಮಾಡುತ್ತ ಹೋಗುವುದು ಕೈಗೆ ಸುಲಭ. ಆದರೆ ಹಾಗೆ ಮಾಡಿದಾಗ ಔಷಧದ ಜೊತೆಗೆ ದ್ರಾವಕವೂ ಅರ್ಧವಾಗುತ್ತ ಹೋಗುತ್ತದೆ: ಮೊದಲ ವೆಲ್‌ನಲ್ಲಿ ಶೇ. 1 ಇದ್ದರೆ ಮುಂದಿನದರಲ್ಲಿ 0.5, ನಂತರ 0.25. ಔಷಧ ಹೆಚ್ಚಿದ್ದಲ್ಲಿ ದ್ರಾವಕವೂ ಹೆಚ್ಚು ಇರುವುದರಿಂದ ಬೆಳವಣಿಗೆ ಕುಗ್ಗಿದ್ದು ಯಾವುದರಿಂದ ಎಂದು ಬಿಡಿಸಿ ಹೇಳಲಾಗುವುದಿಲ್ಲ. ಜೊತೆಗೆ ನೀರಿನಲ್ಲಿ ಕರಗದ ಔಷಧ ಆ ಮೊದಲ ವೆಲ್‌ನಲ್ಲೇ ಹರಳುಗಟ್ಟಿದರೆ, ಮುಂದಿನ ಎಲ್ಲ ವೆಲ್‌ಗಳೂ ಅದೇ ತಪ್ಪನ್ನು ಹೊತ್ತು ಸಾಗುತ್ತವೆ.

ಆದ್ದರಿಂದ ಮೊದಲು ಸರಣಿ ಪೂರ್ತಿ ಡಿಎಂಎಸ್‌ಒದಲ್ಲೇ ಆಗಬೇಕು, ಆಮೇಲೆ ಪ್ರತಿಯೊಂದೂ ಪ್ರತ್ಯೇಕವಾಗಿ ಮಾಧ್ಯಮಕ್ಕೆ ಹೋಗಬೇಕು. ವೆಲ್‌ನಲ್ಲಿ 16ರಿಂದ 0.03 ಮೈಕ್ರೋಗ್ರಾಂವರೆಗೆ ಬೇಕಿದ್ದರೆ ಕ್ರಮ ಹೀಗಿರುತ್ತದೆ. 1600ರ ಸ್ಟಾಕ್‌ನಿಂದ 0.5 ಮಿ.ಲೀ.ನಂತೆ ಮೂರು ಬಾರಿ ತೆಗೆದು, ಅವಕ್ಕೆ ಕ್ರಮವಾಗಿ 0.5, 1.5 ಮತ್ತು 3.5 ಮಿ.ಲೀ. ಡಿಎಂಎಸ್‌ಒ ಸೇರಿಸಿದರೆ 800, 400 ಮತ್ತು 200 ಸಿಗುತ್ತವೆ. 200ರ ಟ್ಯೂಬ್‌ನಿಂದ ಅದೇ ರೀತಿ ತೆಗೆದರೆ 100, 50 ಮತ್ತು 25. 25ರಿಂದ ಮತ್ತೆ ಅದೇ ರೀತಿ 12.5, 6.25 ಮತ್ತು 3.13. ಹತ್ತು ಟ್ಯೂಬ್‌ಗಳನ್ನು ಒಂದರಿಂದ ಒಂದಕ್ಕೆ ಅರ್ಧ ಮಾಡುತ್ತ ಹೋಗದೆ ಹೀಗೆ ಮೂರು ಮೂರರ ಗುಂಪಿನಲ್ಲಿ ಮಾಡುವುದಕ್ಕೆ ಕಾರಣ, ಪೈಪೆಟ್ಟಿನ ಸಣ್ಣ ತಪ್ಪು ಒಂಬತ್ತು ಬಾರಿ ಗುಣಿಸಿಕೊಳ್ಳುವ ಬದಲು ಮೂರೇ ಮೆಟ್ಟಿಲಿನಲ್ಲಿ ನಿಲ್ಲುತ್ತದೆ.

ಈಗ ಪ್ರತಿ ಟ್ಯೂಬ್‌ನಿಂದ 0.1 ಮಿ.ಲೀ. ತೆಗೆದು 4.9 ಮಿ.ಲೀ. ಆರ್‌ಪಿಎಂಐಗೆ ಹಾಕಿ. ಮಾಧ್ಯಮವನ್ನು ತಿರುಗಿಸುತ್ತಿರುವಾಗಲೇ ದ್ರಾವಣವನ್ನು ಅದರ ಮಧ್ಯಕ್ಕೆ ಬಿಟ್ಟರೆ ಔಷಧ ಒಂದೇ ಕಡೆ ಒಟ್ಟಾಗಿ ಹರಳುಗಟ್ಟುವ ಸಾಧ್ಯತೆ ತಗ್ಗುತ್ತದೆ. ಈ ಹಂತದಲ್ಲಿ ಔಷಧ ಅಂತಿಮ ಸಾಂದ್ರತೆಯ ಎರಡು ಪಟ್ಟಿರುತ್ತದೆ, ಡಿಎಂಎಸ್‌ಒ ಎಲ್ಲದರಲ್ಲೂ ಶೇ. 2 ಇರುತ್ತದೆ. ವೆಲ್‌ಗೆ ಇದರಿಂದ 100 ಮೈಕ್ರೋಲೀಟರ್, ಮೇಲೆ 100 ಮೈಕ್ರೋಲೀಟರ್ ಇನಾಕ್ಯುಲಮ್. ಔಷಧ ಬೇರೆ ಬೇರೆ, ದ್ರಾವಕ ಎಲ್ಲೆಡೆ ಶೇ. 1. ಇಟ್ರಾಕೊನಜೋಲ್, ಪೊಸಾಕೊನಜೋಲ್‌ಗಳ ಮೇಲಿನ ಸಾಂದ್ರತೆಗಳಲ್ಲಿ ಮಾಧ್ಯಮ ಸ್ವಲ್ಪ ಮಬ್ಬಾಗಬಹುದು. ಕಣ್ಣಿನಿಂದ ಓದುವವರು ಅದನ್ನು ಬೆಳವಣಿಗೆ ಎಂದು ತಪ್ಪಾಗಿ ಭಾವಿಸದಂತೆ ಇನಾಕ್ಯುಲಮ್ ಇಲ್ಲದ ಒಂದು ಸಾಲನ್ನು ಜೊತೆಗೆ ಇಡಬೇಕು. ಯಂತ್ರದಿಂದ ಓದುವವರು ಆ ಸಾಲಿನ ಅಳತೆಯನ್ನು ಕಳೆಯಬೇಕು.

ಹಂತ 6: ದ್ರಾವಕದ ಮೇಲೂ ಪರೀಕ್ಷೆ

ಶೇ. 1 ಡಿಎಂಎಸ್‌ಒ ನಿರಪಾಯಕಾರಿ ಎಂಬುದು ಸಾಮಾನ್ಯವಾಗಿ ಕ್ಯಾಂಡಿಡಾ ಎಂಬ ಯೀಸ್ಟ್‌ನ ವಿಷಯದಲ್ಲಿ ನಿಜ. ಚರ್ಮರೋಗ ತರುವ ಡರ್ಮಟೊಫೈಟ್‌ಗಳ ಬೆಳವಣಿಗೆಯನ್ನು ಮಾತ್ರ ಅದು ಪ್ರಮಾಣ ಏರಿದಂತೆ ಕುಗ್ಗಿಸುತ್ತದೆ, ಮತ್ತು ಅವು ಹಲವು ದಿನ ಬೆಳೆಯಬೇಕಾದ್ದರಿಂದ ಆ ಪರಿಣಾಮಕ್ಕೆ ಕಾಲಾವಕಾಶವೂ ಸಿಗುತ್ತದೆ. ಹಾಗಾಗಿ ಪ್ರತಿ ಪ್ಲೇಟಿನಲ್ಲಿ ಶಿಲೀಂಧ್ರ ಮತ್ತು ಮಾಧ್ಯಮ ಮಾತ್ರ ಇರುವ ಒಂದು ವೆಲ್, ಅದೇ ಶಿಲೀಂಧ್ರದ ಜೊತೆ ದ್ರಾವಕ ಅಂತಿಮ ಪ್ರಮಾಣದಲ್ಲಿ ಇರುವ ಇನ್ನೊಂದು ವೆಲ್ ಅಕ್ಕಪಕ್ಕ ಇರಬೇಕು. ಎರಡೂ ಸಮನಾಗಿ ಬೆಳೆದರೆ ಮುಂದುವರಿಯಿರಿ. ದ್ರಾವಕದ ವೆಲ್ ಕಣ್ಣಿಗೆ ಕಾಣುವಷ್ಟು ಹಿಂದುಳಿದರೆ ಆ ಪ್ಲೇಟಿನ ಎಂಐಸಿಯನ್ನು ವರದಿ ಮಾಡುವಂತಿಲ್ಲ. ಆಗ ಸ್ಟಾಕ್ ಅನ್ನು ಇನ್ನಷ್ಟು ಗಾಢವಾಗಿ ಮಾಡಿ ದ್ರಾವಕದ ಪಾಲನ್ನು ಶೇ. 0.5ಕ್ಕೆ ಇಳಿಸಿ ನೋಡುವುದು ಮೊದಲ ಪರಿಹಾರ. ಎಂಐಸಿಯನ್ನು ಅರ್ಥೈಸುವಾಗ ಶೇಕಡಾವಾರು ಪ್ರತಿಬಂಧವನ್ನು ಲೆಕ್ಕ ಹಾಕುವ ಔಷಧಗಳಿಗೆ ಹೋಲಿಕೆಯ ಆಧಾರ ದ್ರಾವಕ ಇರುವ ವೆಲ್ ಆಗಿರಲಿ.

ಇದರ ಜೊತೆಗೆ ಗುಣಮಟ್ಟ ಪರಿಶೀಲನೆಯ ತಳಿಗಳು, ಅಂದರೆ ಎಂಐಸಿ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ಶಿಲೀಂಧ್ರಗಳು. ಯೀಸ್ಟ್‌ಗಳಿಗೆ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಟಿಸಿಸಿ 22019 ಮತ್ತು ಈಗ ಪಿಚಿಯಾ ಕುಡ್ರಿಯಾವ್ಜೆವಿ ಎಂದು ಕರೆಯಲಾಗುವ ಕ್ಯಾಂಡಿಡಾ ಕ್ರೂಸಿ ಎಟಿಸಿಸಿ 6258 ರೂಢಿಯಲ್ಲಿವೆ. ಎರಡು ತಳಿಗಳ ಎಂಐಸಿ ಒಂದೇ ದಿಕ್ಕಿಗೆ, ಒಂದೇ ಔಷಧಕ್ಕೆ ಮಾತ್ರ ಮೇಲಕ್ಕೆ ಸರಿಯುತ್ತಿದ್ದರೆ ಆ ಸ್ಟಾಕ್‌ನಲ್ಲಿ ಔಷಧ ಕಡಿಮೆಯಾಗಿದೆ ಎಂದೇ ಅನುಮಾನಿಸಬೇಕು. ಎಲ್ಲ ಡಿಎಂಎಸ್‌ಒ ಔಷಧಗಳಿಗೂ ಒಟ್ಟಿಗೆ ಕೆಳಕ್ಕೆ ಸರಿದು, ನೀರಿನ ಗುಂಪಿನವು ಸರಿಯಾಗಿದ್ದರೆ ಅನುಮಾನ ದ್ರಾವಕದ ಕಡೆಗೆ ತಿರುಗಬೇಕು. ಈ ಒಂದು ಹೋಲಿಕೆ ಎಷ್ಟೋ ಸಲ ದಿನಗಟ್ಟಲೆ ಹುಡುಕಾಟವನ್ನು ಉಳಿಸುತ್ತದೆ.

ಹಂತ 7: ಶೇಖರಣೆ, ಮತ್ತು ಕ್ಯಾಸ್ಪೊಫಂಜಿನ್ ತಕರಾರು

ಸ್ಟಾಕ್ ಅನ್ನು ಒಂದು ಬಾರಿಯ ಬಳಕೆಗೆ ಸಾಕಾಗುವಷ್ಟು ಸಣ್ಣ ಪಾಲುಗಳಾಗಿ ಹಂಚಿ, ಬಿಗಿಯಾಗಿ ಮುಚ್ಚಿ, ಮೈನಸ್ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ತಾನಾಗಿ ಹಿಮ ಕರಗಿಸಿಕೊಳ್ಳುವ ಫ್ರೀಜರ್ ಬೇಡವೇ ಬೇಡ, ಅದರ ತಾಪಮಾನ ಆಗಾಗ ಏರಿಳಿಯುತ್ತದೆ. ಹೊರತೆಗೆದ ಪಾಲು ಪೂರ್ತಿ ಕರಗಿ ಕೋಣೆಯ ತಾಪಮಾನಕ್ಕೆ ಬಂದಮೇಲೆ ಚೆನ್ನಾಗಿ ಬೆರೆಸಿ, ಅದೇ ದಿನ ಬಳಸಿ, ಉಳಿದದ್ದನ್ನು ಎಸೆಯಿರಿ. ಮರಳಿ ಹೆಪ್ಪುಗಟ್ಟಿಸಿದ ಸ್ಟಾಕ್ ಅಗ್ಗವೆಂದು ಕಾಣುವುದು ಎಂಐಸಿ ಅಲುಗಾಡುವವರೆಗೆ ಮಾತ್ರ.

ಎಕಿನೊಕ್ಯಾಂಡಿನ್‌ಗಳು ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ಳುವ ಸ್ವಭಾವದವು. ಗಾಢವಾದ ಸ್ಟಾಕ್‌ನಲ್ಲಿ ಆ ನಷ್ಟ ಗಣನೆಗೆ ಬಾರದಷ್ಟು ಸಣ್ಣದು, ಆದರೆ ಮಾಧ್ಯಮದಲ್ಲಿ 0.03 ಮೈಕ್ರೋಗ್ರಾಂಗೆ ಇಳಿದಾಗ ಅದೇ ನಷ್ಟ ದೊಡ್ಡ ಪಾಲಾಗುತ್ತದೆ. ಆದ್ದರಿಂದ ಇವುಗಳ ದುರ್ಬಲ ದ್ರಾವಣಗಳನ್ನು ಟ್ಯೂಬ್‌ನಲ್ಲಿ ಇಟ್ಟುಕೊಳ್ಳದೆ ಕೂಡಲೇ ಪ್ಲೇಟಿಗೆ ಹಾಕಬೇಕು, ಪ್ಲೇಟಿನ ಬಗೆಯನ್ನು ಮಧ್ಯದಲ್ಲಿ ಬದಲಾಯಿಸಬಾರದು. ಇದೇ ಗುಂಪಿನ ರೆಜಾಫಂಜಿನ್‌ಗೆ ಯುಕಾಸ್ಟ್ ವಿಧಾನದಲ್ಲಿ ಮಾಧ್ಯಮಕ್ಕೆ ಶೇ. 0.002ರಷ್ಟು ಟ್ವೀನ್ 20 ಸೇರಿಸುವುದು ಈ ಅಂಟಿಕೊಳ್ಳುವಿಕೆಯನ್ನು ತಡೆಯಲೆಂದೇ. ಹಾಗೆಂದು ಬೇರೆ ಔಷಧಗಳ ಮಾಧ್ಯಮಕ್ಕೂ ಟ್ವೀನ್ ಸುರಿಯುವಂತಿಲ್ಲ. ಮಾನದಂಡದಲ್ಲಿ ಇಲ್ಲದ ಸಾಬೂನಿನಂಥ ವಸ್ತು ಎಂಐಸಿಯನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಹೋಲಿಕೆಯ ಆಧಾರವಿರುವುದಿಲ್ಲ.

ಕ್ಯಾಸ್ಪೊಫಂಜಿನ್ ಮಾತ್ರ ಇವೆಲ್ಲ ಎಚ್ಚರಿಕೆಗಳ ನಂತರವೂ ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಎಂಐಸಿ ಬಹಳ ವ್ಯತ್ಯಾಸವಾಗುವ ಔಷಧ. ಇದೇ ಕಾರಣಕ್ಕೆ ಯುಕಾಸ್ಟ್ ಕ್ಯಾಂಡಿಡಾಕ್ಕೆ ಕ್ಯಾಸ್ಪೊಫಂಜಿನ್ ಬ್ರೇಕ್‌ಪಾಯಿಂಟ್ ನಿಗದಿಪಡಿಸಿಲ್ಲ. ಆನಿಡುಲಾಫಂಜಿನ್ ಅಥವಾ ಮೈಕಾಫಂಜಿನ್ ಫಲಿತಾಂಶವನ್ನು ಸೂಚಕವಾಗಿ ಬಳಸುವುದು ಅಲ್ಲಿನ ಪದ್ಧತಿ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಅದೇ ಜಾಣತನ.

ಪಟ್ಟಿಯಲ್ಲಿಲ್ಲದ ವಸ್ತುಗಳಿಗೆ

ಹೊಸ ಸಂಯುಕ್ತ ಅಥವಾ ಸಸ್ಯಸಾರವನ್ನು ಪರೀಕ್ಷಿಸುವವರಿಗೆ ಮಾನದಂಡದ ಪಟ್ಟಿ ನೆರವಾಗುವುದಿಲ್ಲ. ಅಂಥವರು ಮೊದಲು ಔಷಧವಿಲ್ಲದೆ ದ್ರಾವಕವನ್ನೇ ಶೇ. 10ರಿಂದ ಕೆಳಕ್ಕೆ ಅರ್ಧ ಅರ್ಧ ಮಾಡುತ್ತ, ತಾವು ಪರೀಕ್ಷಿಸಲಿರುವ ಶಿಲೀಂಧ್ರದ ಎದುರು ಇಟ್ಟು, ಬೆಳವಣಿಗೆಗೆ ಸ್ವಲ್ಪವೂ ತೊಡಕಾಗದ ಅತಿ ಹೆಚ್ಚಿನ ಪ್ರಮಾಣವನ್ನು ಕಂಡುಕೊಳ್ಳಬೇಕು. ಅಂತಿಮ ಪ್ರಮಾಣ ಅದರ ಅರ್ಧವನ್ನೂ ಶೇ. 1ನ್ನೂ ಮೀರದಂತೆ ನೋಡಿಕೊಳ್ಳುವುದು ನಾನು ಸೂಚಿಸುವ ಮಿತಿ. ಬಳಿಕ ಔಷಧದ ಸ್ಟಾಕ್ ಅನ್ನು ಆ ಪ್ರಮಾಣಕ್ಕೆ ತಕ್ಕಂತೆ ಆರ್‌ಪಿಎಂಐಗೆ ಸೇರಿಸಿ, ಇನಾಕ್ಯುಲಮ್ ಇಲ್ಲದೆಯೇ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪರೀಕ್ಷೆಯ ಪೂರ್ಣ ಅವಧಿ ಇಟ್ಟು, ತಳದ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ನೋಡಿ. ಹರಳು ಕಂಡ ಸಾಂದ್ರತೆಯಿಂದ ಮೇಲಿನ ಯಾವ ಎಂಐಸಿಗೂ ಅರ್ಥವಿಲ್ಲ. ಫಲಿತಾಂಶದ ಕೋಷ್ಟಕದಲ್ಲಿ ದ್ರಾವಕದ ಹೆಸರು, ದರ್ಜೆ, ಬ್ಯಾಚ್ ಸಂಖ್ಯೆ, ವೆಲ್‌ನಲ್ಲಿದ್ದ ಅಂತಿಮ ಶೇಕಡಾ ಪ್ರಮಾಣ ಮತ್ತು ಹರಳು ಕಾಣಿಸಿಕೊಂಡ ಸಾಂದ್ರತೆ ಇವಿಷ್ಟನ್ನೂ ಎಂಐಸಿಯ ಪಕ್ಕದಲ್ಲೇ ಬರೆಯಬೇಕು.